ಮರ್ಜ್, ರಿಬೇಸ್, ಸ್ಕ್ವಾಶ್: ಕವಲೊಡೆದ ಕೆಲಸವನ್ನು ಕೂಡಿಸಲು ಯಾವ ದಾರಿ?

ಪುಣೆ, ಮುಂಬಯಿ ಮತ್ತು ಗೋವಾದ ಕನ್ನಡಿಗರ ಬಳಗವೊಂದು ನಡೆಸುವ ಪುಟ್ಟ ಜಾಲತಾಣದ ಕೆಲಸದಲ್ಲಿ ನಾವು ಆರು ಮಂದಿ ಇದ್ದೇವೆ. ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ಪ್ರೋಗ್ರಾಮರ್‌ಗಳು ನಾವಿಬ್ಬರು, ಮಾಟುಂಗದಲ್ಲಿ ನೆಲೆಸಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಡೊಂಬಿವಲಿಯ ಇಬ್ಬರು ಶಿಕ್ಷಕಿಯರು, ವಾಸ್ಕೋದಲ್ಲಿ ಪೋಸ್ಟರ್ ವಿನ್ಯಾಸ ಮಾಡುವ ಒಬ್ಬ ಯುವಕ. ಕಾರ್ಯಕ್ರಮಗಳ ಪಟ್ಟಿ, ಸದಸ್ಯತ್ವದ ವಿವರ, ಹಳೆಯ ಸಂಚಿಕೆಗಳ ಲೇಖನಗಳು, ಅವೆಲ್ಲವನ್ನೂ ಪರದೆಯ ಮೇಲೆ ತೋರಿಸುವ ಕೋಡ್, ಎಲ್ಲವೂ ಒಂದೇ ಗಿಟ್ ರೆಪೊದಲ್ಲಿವೆ. ಗಿಟ್ ಎಂದರೆ ಕಡತಗಳ ಬದಲಾವಣೆಗಳ ದಾಖಲೆ ಇಡುವ ಸಾಧನ, ರೆಪೊ ಎಂದರೆ ಆ ದಾಖಲೆಯ ಭಂಡಾರ, ಕಮಿಟ್ ಎಂದರೆ ಅದರಲ್ಲಿ ಒಮ್ಮೆಗೆ ಸೇರುವ ಒಂದು ದಾಖಲೆ. ಪ್ರತಿಯೊಬ್ಬರೂ ತಮ್ಮ ಬಿಡುವಿನ ವೇಳೆಯಲ್ಲಿ ತಮ್ಮದೇ ಬ್ರಾಂಚ್‌ನಲ್ಲಿ, ಅಂದರೆ ಮುಖ್ಯ ಸಾಲಿನಿಂದ ಕವಲೊಡೆದ ತಮ್ಮದೇ ದಾರಿಯಲ್ಲಿ, ಕೆಲಸ ಮಾಡುವುದರಿಂದ, ಅಕ್ಟೋಬರ್ ಕೊನೆಯ ವಾರದಲ್ಲಿ, ರಾಜ್ಯೋತ್ಸವದ ಸಿದ್ಧತೆಯ ನಡುವೆ, ಎಲ್ಲ ಬ್ರಾಂಚ್‌ಗಳೂ ಒಟ್ಟಿಗೆ ಬಂದು ಬಾಗಿಲು ತಟ್ಟುತ್ತವೆ. ಆಗ ನನಗೆ ಬರುವ ಪ್ರಶ್ನೆ ಯಾವಾಗಲೂ ಒಂದೇ: ಮರ್ಜ್ ಮಾಡಲೇ, ರಿಬೇಸ್ ಮಾಡಲೇ, ಅಥವಾ ಎಲ್ಲವನ್ನೂ ಸ್ಕ್ವಾಶ್ ಮಾಡಿ ಒಂದೇ ಕಮಿಟ್ ಹಾಕಿಬಿಡಲೇ?

ಈ ಪ್ರಶ್ನೆಗೆ ಉತ್ತರ ಕೊಡುವವರು ಸಾಮಾನ್ಯವಾಗಿ ಕಮಿಟ್‌ಗಳ ಇತಿಹಾಸ ಎಷ್ಟು ಅಂದವಾಗಿ ಕಾಣುತ್ತದೆ ಎಂಬುದರಿಂದ ಆರಂಭಿಸುತ್ತಾರೆ. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದವು ಬೇರೆ ಎರಡು: ಈ ಬ್ರಾಂಚ್‌ನ ಮೇಲೆ ಇನ್ನೊಬ್ಬರು ತಮ್ಮ ಕೆಲಸವನ್ನು ಕಟ್ಟಿದ್ದಾರೆಯೇ? ಕೂಡಿಸಿದ ಮೇಲೂ ಈ ಬ್ರಾಂಚ್ ಮುಂದುವರಿದು ನಾಳೆ ಮತ್ತೊಮ್ಮೆ ಕೂಡಬೇಕಾಗಿದೆಯೇ? ಇವು ಏಕೆ ಮುಖ್ಯ ಎಂಬುದು ತಿಳಿಯಬೇಕಾದರೆ ಗಿಟ್ ಎರಡು ಕವಲುಗಳನ್ನು ಹೇಗೆ ಹೋಲಿಸುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಹೋಲಿಕೆ ಎರಡು ಪ್ರತಿಗಳ ನಡುವೆ ಅಲ್ಲ, ಮೂರರ ನಡುವೆ

ಸದಸ್ಯತ್ವದ ಕಡತದಲ್ಲಿ ವಾರ್ಷಿಕ ಶುಲ್ಕ 300 ರೂಪಾಯಿ ಎಂದು ಇತ್ತು ಎಂದಿಟ್ಟುಕೊಳ್ಳಿ. ಮಾಟುಂಗದವರ ಬ್ರಾಂಚ್‌ನಲ್ಲಿ ಅದು 500 ಆಗಿದೆ. ಡೊಂಬಿವಲಿಯವರ ಬ್ರಾಂಚ್‌ನಲ್ಲಿ 300 ಆಗಿಯೇ ಉಳಿದಿದೆ, ಆದರೆ ಕಡತದ ಕೊನೆಯಲ್ಲಿ ಹಿರಿಯ ನಾಗರಿಕರ ರಿಯಾಯಿತಿಯ ಬಗ್ಗೆ ಒಂದು ಹೊಸ ಸಾಲು ಸೇರಿದೆ. ಈ ಎರಡು ಪ್ರತಿಗಳನ್ನು ಮಾತ್ರ ಅಕ್ಕಪಕ್ಕ ಇಟ್ಟು ನೋಡಿದರೆ, 300 ಇದ್ದದ್ದು 500 ಆಯಿತೋ, 500 ಇದ್ದದ್ದನ್ನು ಯಾರೋ 300ಕ್ಕೆ ಇಳಿಸಿದರೋ ಎಂಬುದನ್ನು ಹೇಳಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ರಿಯಾಯಿತಿಯ ಸಾಲನ್ನು ಒಬ್ಬರು ಸೇರಿಸಿದರೋ, ಇನ್ನೊಬ್ಬರು ಅಳಿಸಿದರೋ ಎಂಬುದೂ ತಿಳಿಯುವುದಿಲ್ಲ. ಆದುದರಿಂದ ಗಿಟ್ ಎರಡು ಬ್ರಾಂಚ್‌ಗಳೂ ಕವಲೊಡೆದ ಜಾಗದಲ್ಲಿದ್ದ ಮೂರನೆಯ ಪ್ರತಿಯನ್ನು ಹುಡುಕಿ ತರುತ್ತದೆ. ಅದನ್ನು ಬೇಸ್ ಎನ್ನುತ್ತಾರೆ. ನಾನು ಇಲ್ಲಿ ಮೂಲಪ್ರತಿ ಎಂದು ಕರೆಯುತ್ತೇನೆ.

ಮೂಲಪ್ರತಿ ಕೈಗೆ ಬಂದ ಮೇಲೆ ನಿಯಮ ಬಹಳ ಸರಳ. ಒಂದು ಕಡೆಯವರು ಮಾತ್ರ ಬದಲಿಸಿದ್ದರೆ ಆ ಬದಲಾವಣೆ ಉಳಿಯುತ್ತದೆ. ಇಬ್ಬರೂ ಒಂದೇ ರೀತಿ ಬದಲಿಸಿದ್ದರೆ ಅದೂ ಉಳಿಯುತ್ತದೆ. ಇಬ್ಬರೂ ಒಂದೇ ಜಾಗವನ್ನು ಬೇರೆ ಬೇರೆ ರೀತಿ ಬದಲಿಸಿದ್ದರೆ ಗಿಟ್ ಕೈಚೆಲ್ಲಿ, ಕಾನ್‌ಫ್ಲಿಕ್ಟ್ ಎಂದು ಬರೆದು, ತೀರ್ಪನ್ನು ಮನುಷ್ಯರಿಗೆ ಬಿಡುತ್ತದೆ. ನಮ್ಮ ಬಳಗದಲ್ಲಿ ಇದಕ್ಕೆ ತಕರಾರು ಎಂಬ ಹೆಸರೇ ರೂಢಿಯಾಗಿದೆ, ಮತ್ತು ಈ ಲೇಖನದಲ್ಲಿ ನಾನು ಅದನ್ನೇ ಬಳಸುತ್ತೇನೆ. ಇಲ್ಲಿ ‘ಒಂದೇ ಜಾಗ’ ಎಂದರೆ ಒಂದೇ ಸಾಲು ಮಾತ್ರವಲ್ಲ. ನಡುವೆ ಬದಲಾಗದ ಒಂದು ಸಾಲೂ ಇಲ್ಲದೆ ಅಕ್ಕಪಕ್ಕದ ಸಾಲುಗಳು ಬದಲಾಗಿದ್ದರೂ ಗಿಟ್ ತಕರಾರು ಎತ್ತುತ್ತದೆ.

ಈ ವಿಧಾನದಲ್ಲಿ ಒಂದು ವಿಚಿತ್ರವಿದೆ, ಅದು ಗೊತ್ತಿಲ್ಲದವರು ಒಮ್ಮೆಯಾದರೂ ಬೆಚ್ಚಿಬೀಳುತ್ತಾರೆ. ಗಿಟ್ ನೋಡುವುದು ಮೂಲಪ್ರತಿಯನ್ನು ಮತ್ತು ಎರಡು ತುದಿಗಳನ್ನು, ಅಂದರೆ ಎರಡೂ ಬ್ರಾಂಚ್‌ಗಳ ಕೊನೆಯ ಕಮಿಟ್‌ಗಳನ್ನು ಮಾತ್ರ. ನಡುವಿನ ಕಮಿಟ್‌ಗಳಲ್ಲಿ ಏನು ನಡೆಯಿತು ಎಂಬುದು ಅದಕ್ಕೆ ಬೇಡ. ಇಬ್ಬರೂ ತಮ್ಮ ತಮ್ಮ ಬ್ರಾಂಚ್‌ನಲ್ಲಿ ಶುಲ್ಕವನ್ನು 500 ಮಾಡಿ, ಅವರಲ್ಲಿ ಒಬ್ಬರು ನಂತರ ಸಮಿತಿಯ ಮಾತು ಕೇಳಿ ಮತ್ತೆ 300ಕ್ಕೆ ಇಳಿಸಿದ್ದರೆ, ಅವರ ತುದಿಯಲ್ಲಿ ಮೂಲಕ್ಕೂ ಈಗಿನದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಫಲಿತಾಂಶದಲ್ಲಿ 500 ಬಂದು ಕೂರುತ್ತದೆ, ತಕರಾರಿನ ಸುಳಿವೂ ಇರುವುದಿಲ್ಲ. ಬೇಕೆಂದೇ ಹಿಂದೆಗೆದುಕೊಂಡ ಬದಲಾವಣೆ ಎಂಬ ಪರಿಕಲ್ಪನೆ ಮೂರು ಪ್ರತಿಗಳ ಹೋಲಿಕೆಯಲ್ಲಿ ಇಲ್ಲ.

ಬ್ರಾಂಚ್‌ಗಳು ಪರಸ್ಪರ ಹಲವು ಬಾರಿ ಕೂಡಿದ್ದರೆ ಸಮಾನ ಮೂಲಗಳು ಒಂದಕ್ಕಿಂತ ಹೆಚ್ಚು ಇರಬಹುದು. ಆಗ ಗಿಟ್ ಆ ಮೂಲಗಳನ್ನೇ ಮೊದಲು ಪರಸ್ಪರ ಕೂಡಿಸಿ ಒಂದು ಕಾಲ್ಪನಿಕ ಮೂಲಪ್ರತಿಯನ್ನು ಮಾಡಿಕೊಳ್ಳುತ್ತದೆ. ಈ ವಿಧಾನಕ್ಕೆ ರಿಕರ್ಸಿವ್ ಎಂಬ ಹಳೆಯ ಹೆಸರು ಬಂದದ್ದು ಇದರಿಂದ. ಗಿಟ್‌ನ ಕೋಡ್ ಬರೆಯುವವರಲ್ಲಿ ಒಬ್ಬರಾದ ಎಲೈಜಾ ನ್ಯೂರೆನ್ ಅದನ್ನು ಹೊಸದಾಗಿ ಬರೆದ ಆವೃತ್ತಿಗೆ ಓಆರ್‌ಟಿ ಎಂದು ಹೆಸರು, ಮತ್ತು 2021ರಲ್ಲಿ ಬಂದ ಗಿಟ್ 2.34ರಿಂದ ಅದೇ ಸ್ವಯಂಚಾಲಿತ ಆಯ್ಕೆಯಾಗಿದೆ. ಹಳೆಯ ಬರಹಗಳಲ್ಲಿ ರಿಕರ್ಸಿವ್ ಬೇಕೋ ಮತ್ತೊಂದು ಬೇಕೋ ಎಂಬ ಚರ್ಚೆ ಕಂಡರೆ ಅದನ್ನು ಬಿಟ್ಟು ಮುಂದೆ ಹೋಗಬಹುದು. ಈಚಿನ ಆವೃತ್ತಿಗಳಲ್ಲಿ ರಿಕರ್ಸಿವ್ ಎಂದು ಕೇಳಿದರೂ ಕೆಲಸ ಮಾಡುವುದು ಓಆರ್‌ಟಿಯೇ.

ಮರ್ಜ್ ಕಮಿಟ್

ಮುಖ್ಯ ಬ್ರಾಂಚ್ ನೀವು ಕವಲೊಡೆದ ಮೇಲೆ ಒಂದಿಷ್ಟೂ ಮುಂದೆ ಹೋಗಿಲ್ಲದಿದ್ದರೆ ಕೂಡಿಸುವಂಥದ್ದು ಏನೂ ಇರುವುದಿಲ್ಲ. ಗಿಟ್ ಮುಖ್ಯ ಬ್ರಾಂಚ್‌ನ ತುದಿಯನ್ನು ತೋರಿಸುವ ಸೂಚಿಯನ್ನು ಮುಂದಕ್ಕೆ ಸರಿಸಿ ಸುಮ್ಮನಾಗುತ್ತದೆ. ಇದು ಫಾಸ್ಟ್ ಫಾರ್ವರ್ಡ್, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಕಡೆ ಕೆಲಸ ನಡೆದಿದ್ದಾಗ ಗಿಟ್ ಮರ್ಜ್ ಆದೇಶ ಎರಡು ಪೋಷಕರಿರುವ ಒಂದು ಹೊಸ ಕಮಿಟ್ ಅನ್ನು ಹುಟ್ಟಿಸುತ್ತದೆ (ಒಂದು ಕಮಿಟ್‌ನ ನೇರ ಹಿಂದಿನ ಕಮಿಟ್ ಅದರ ಪೋಷಕ). ಎರಡೂ ಕವಲಿನ ಹಳೆಯ ಕಮಿಟ್‌ಗಳು ಇದ್ದಂತೆಯೇ ಇರುತ್ತವೆ, ಯಾವುದರ ಗುರುತಿನ ಸಂಖ್ಯೆಯೂ ಬದಲಾಗುವುದಿಲ್ಲ, ಮತ್ತು ತಕರಾರುಗಳು ಎಷ್ಟೇ ಇರಲಿ, ಅವೆಲ್ಲ ಒಂದೇ ಬಾರಿಗೆ ಎದುರಾಗುತ್ತವೆ.

ಈ ದಾರಿಯ ದೊಡ್ಡ ಲಾಭ ಮುಂದಿನ ಬಾರಿಗೆ ದೊರೆಯುತ್ತದೆ. ಮರ್ಜ್ ಕಮಿಟ್‌ಗೆ ಎರಡು ಪೋಷಕರಿರುವುದರಿಂದ, ಮುಂದೆ ಅದೇ ಬ್ರಾಂಚ್ ಮತ್ತೆ ಕೂಡುವಾಗ ಸಮಾನ ಮೂಲ ಮುಂದಕ್ಕೆ ಸರಿದಿರುತ್ತದೆ, ಈಗಾಗಲೇ ತೀರಿಸಿದ ತಕರಾರುಗಳು ಮತ್ತೆ ತಲೆಯೆತ್ತುವುದಿಲ್ಲ. ವಾಸ್ಕೋದ ಗೆಳೆಯನ ವಿನ್ಯಾಸದ ಬ್ರಾಂಚ್ ವರ್ಷವಿಡೀ ಬದುಕಿರುತ್ತದೆ, ತಿಂಗಳಿಗೊಮ್ಮೆ ಮುಖ್ಯ ಬ್ರಾಂಚ್‌ಗೆ ಕೂಡುತ್ತದೆ. ಅಂಥದಕ್ಕೆ ಮರ್ಜ್ ಕಮಿಟ್ ಅಲ್ಲದೆ ಬೇರೆ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಇತಿಹಾಸ ಜಡೆಯಂತೆ ಹೆಣೆದುಕೊಂಡು ಓದಲಾಗುವುದಿಲ್ಲ ಎಂಬುದು ಇದರ ಮೇಲಿನ ಸಾಮಾನ್ಯ ದೂರು. ಲಾಗ್ ನೋಡುವಾಗ ಮೊದಲ ಪೋಷಕರನ್ನು ಮಾತ್ರ ಹಿಡಿದು ತೋರಿಸು ಎಂದು ಹೇಳುವ ಫಸ್ಟ್ ಪೇರೆಂಟ್ ಆಯ್ಕೆಯನ್ನು ಬಳಸಿದರೆ ಈ ದೂರು ಬಹುಪಾಲು ಇಲ್ಲವಾಗುತ್ತದೆ. ಅದಕ್ಕಿಂತ ನಿಜವಾದ ತೊಡಕು ಮರ್ಜ್ ಅನ್ನು ರದ್ದು ಮಾಡುವಾಗ ಬರುತ್ತದೆ. ರಿವರ್ಟ್ ಆದೇಶಕ್ಕೆ ಯಾವ ಪೋಷಕರ ಕಡೆಗೆ ಹಿಂದಿರುಗಬೇಕೆಂದು ಹೇಳಬೇಕು, ಅದು ಸುಲಭ. ಆದರೆ ಹಾಗೆ ರದ್ದು ಮಾಡಿದ ಬ್ರಾಂಚ್ ಅನ್ನು ಸರಿಪಡಿಸಿ ಮತ್ತೆ ಮರ್ಜ್ ಮಾಡಿದರೆ ಹಳೆಯ ಬದಲಾವಣೆಗಳು ಬರುವುದೇ ಇಲ್ಲ. ಆ ಕಮಿಟ್‌ಗಳು ಆಗಲೇ ಕೂಡಿವೆ ಎಂದು ಗಿಟ್ ನಂಬಿರುತ್ತದೆ, ರದ್ದತಿಯನ್ನು ಅದರ ನಂತರದ ಹೊಸ ಬದಲಾವಣೆ ಎಂದು ಎಣಿಸುತ್ತದೆ. ಆಗ ರದ್ದತಿಯನ್ನೇ ರದ್ದು ಮಾಡಿ, ಅನಂತರ ಬ್ರಾಂಚ್ ಅನ್ನು ಕೂಡಿಸಬೇಕು.

ರಿಬೇಸ್

ರಿಬೇಸ್ ಮಾಡುವುದೆಂದರೆ ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಕಿತ್ತು ಮುಖ್ಯ ಬ್ರಾಂಚ್‌ನ ಈಗಿನ ತುದಿಯ ಮೇಲೆ ಮತ್ತೆ ನೆಡುವುದು. ನೆಟ್ಟ ಗಿಡ ನೋಡಲು ಅದೇ, ಆದರೆ ಬೇರು ಹೊಸದು. ಕಮಿಟ್‌ನ ಗುರುತಿನ ಸಂಖ್ಯೆಯನ್ನು ಲೆಕ್ಕ ಹಾಕುವಾಗ ಅದರ ಪೋಷಕರ ಸಂಖ್ಯೆಯೂ ಸೇರುವುದರಿಂದ, ಒಂದಕ್ಷರ ಬದಲಾಗದಿದ್ದರೂ ರಿಬೇಸ್ ಆದ ಪ್ರತಿಯೊಂದು ಕಮಿಟ್ ಹೊಸ ಕಮಿಟ್ ಆಗಿರುತ್ತದೆ. ರಿಬೇಸ್‌ನ ಒಳಿತು ಕೆಡುಕುಗಳೆಲ್ಲ ಹೊರಡುವುದು ಈ ಒಂದು ಸಂಗತಿಯಿಂದ.

ಒಳಿತು ಸ್ಪಷ್ಟವಾಗಿದೆ. ಇತಿಹಾಸ ನೇರ ಗೆರೆಯಾಗುತ್ತದೆ, ಪ್ರತಿಯೊಂದು ಬದಲಾವಣೆಯನ್ನೂ ಅದರ ಕಾರಣದ ಜೊತೆ ಓದಬಹುದು, ಯಾವ ಕಮಿಟ್‌ನಿಂದ ದೋಷ ಬಂತೆಂದು ಬೈಸೆಕ್ಟ್ ಹಾಕಿ, ಅಂದರೆ ಪ್ರತಿ ಬಾರಿ ಅರ್ಧ ಕಮಿಟ್‌ಗಳನ್ನು ಬಿಡುತ್ತ, ಹುಡುಕಿದಾಗ 1,000 ಕಮಿಟ್‌ಗಳ ನಡುವೆಯೂ ಸುಮಾರು 10 ಹೆಜ್ಜೆಗಳಲ್ಲಿ ಒಂದು ಚಿಕ್ಕ ಕಮಿಟ್ ಕೈಗೆ ಸಿಗುತ್ತದೆ. ಬೈಸೆಕ್ಟ್ ಮರ್ಜ್ ಕಮಿಟ್‌ಗಳಿರುವ ಇತಿಹಾಸದಲ್ಲೂ ನಡೆಯುತ್ತದೆ, ಆದರೆ ದೋಷ ಮರ್ಜ್ ಕಮಿಟ್‌ನಲ್ಲಿಯೇ ಹುಟ್ಟಿದ್ದರೆ ಅದರೊಳಗೆ ಇಳಿದು ಹುಡುಕುವುದು ತಲೆನೋವಿನ ಕೆಲಸ.

ಕೆಡುಕಿನ ವಿಷಯಕ್ಕೆ ಬಂದರೆ, ಅದನ್ನು ನಾನು ನನ್ನ ಕೈಯಾರೆ ಮಾಡಿ ಕಲಿತಿದ್ದೇನೆ. ಎರಡು ವರ್ಷಗಳ ಹಿಂದೆ ಲೇಖನಗಳ ಸೂಚಿಯನ್ನು ಹೊಸದಾಗಿ ಜೋಡಿಸುವ ನನ್ನ ಬ್ರಾಂಚ್ ಅನ್ನು ಎಲ್ಲರೂ ನೋಡಲಿ ಎಂದು ಪುಶ್ ಮಾಡಿ ಸರ್ವರ್‌ಗೆ ಕಳಿಸಿದ್ದೆ. ಡೊಂಬಿವಲಿಯ ಶಿಕ್ಷಕಿಯೊಬ್ಬರು ಅದನ್ನೇ ಆಧಾರವಾಗಿಟ್ಟುಕೊಂಡು ಹಳೆಯ ಸಂಚಿಕೆಗಳನ್ನು ಸೇರಿಸತೊಡಗಿದ್ದರು; ಅದು ನನಗೆ ತಿಳಿದಿರಲಿಲ್ಲ. ಒಂದು ರಾತ್ರಿ ನಾನು ಬ್ರಾಂಚ್ ಅನ್ನು ರಿಬೇಸ್ ಮಾಡಿ, ಸರ್ವರ್‌ನಲ್ಲಿದ್ದ ಹಳೆಯದನ್ನು ತಳ್ಳಿ, ಬಲವಂತವಾಗಿ ಪುಶ್ ಮಾಡಿದೆ. ಮರುದಿನ ಅವರು ಪುಲ್ ಮಾಡಿ ಸರ್ವರ್‌ನಲ್ಲಿರುವುದನ್ನು ತಮ್ಮ ಕಂಪ್ಯೂಟರ್‌ಗೆ ತಂದಾಗ ನನ್ನ ಹಳೆಯ ಕಮಿಟ್‌ಗಳು ಒಮ್ಮೆ, ಹೊಸ ಕಮಿಟ್‌ಗಳು ಇನ್ನೊಮ್ಮೆ, ಹೀಗೆ ಪ್ರತಿಯೊಂದು ಬದಲಾವಣೆಯೂ ಎರಡೆರಡು ಬಾರಿ ಕಾಣಿಸಿಕೊಂಡು, ಅವರು ಮುಟ್ಟಿಯೇ ಇರದ ಕಡತಗಳಲ್ಲಿ ತಕರಾರುಗಳು ಎದ್ದವು. “ಸರ್, ನಾನೇನಾದರೂ ತಪ್ಪು ಒತ್ತಿದೆನಾ?” ಎಂದು ಅವರು ಕೇಳಿದ ಧ್ವನಿ ಇನ್ನೂ ನೆನಪಿದೆ. ತಪ್ಪು ಒತ್ತಿದವನು ನಾನು. ಅವರ ಕಂಪ್ಯೂಟರ್‌ನಲ್ಲಿ ಬ್ರಾಂಚ್‌ನ ತುದಿ ಹಿಂದೆ ಎಲ್ಲೆಲ್ಲಿತ್ತು ಎಂಬುದರ ದಾಖಲೆಯಾದ ರೆಫ್‌ಲಾಗ್ ತೆರೆದು, ಪುಲ್ ಮಾಡುವ ಮೊದಲಿನ ಸ್ಥಿತಿಗೆ ಹಿಂದಿರುಗಿ, ಅವರ ಕಮಿಟ್‌ಗಳನ್ನು ಮಾತ್ರ ಆಯ್ದು ಹೊಸ ತುದಿಯ ಮೇಲೆ ಕೂರಿಸಲು ಒಂದು ಭಾನುವಾರ ಪೂರ್ತಿ ಬೇಕಾಯಿತು.

ಅಂದಿನಿಂದ ನಮ್ಮಲ್ಲಿರುವ ನಿಯಮ ಇದು: ಬೇರೆಯವರು ಕೆಲಸ ಕಟ್ಟಿರಬಹುದಾದ ಬ್ರಾಂಚ್ ಅನ್ನು ಅವರನ್ನು ಕೇಳದೆ ರಿಬೇಸ್ ಮಾಡಕೂಡದು; ಬಲವಂತದ ಪುಶ್ ಬೇಕೇಬೇಕಾದರೆ ಬರಿಯ ಫೋರ್ಸ್ ಆಯ್ಕೆಯ ಬದಲು ಫೋರ್ಸ್ ವಿತ್ ಲೀಸ್ ಆಯ್ಕೆಯನ್ನು ಬಳಸಬೇಕು. ನಾವು ಕೊನೆಯ ಬಾರಿ ನೋಡಿದ ಮೇಲೆ ಸರ್ವರ್‌ನಲ್ಲಿರುವ ಆ ಬ್ರಾಂಚ್‌ಗೆ ಬೇರೆಯವರು ಏನನ್ನಾದರೂ ಸೇರಿಸಿದ್ದರೆ ಅದು ಪುಶ್ ಅನ್ನು ತಡೆಯುತ್ತದೆ. ಅವರ ಸ್ವಂತ ಕಂಪ್ಯೂಟರ್‌ನಲ್ಲಿ ನಡೆದಿರುವ ಕೆಲಸ ಅದಕ್ಕೆ ಕಾಣುವುದಿಲ್ಲವಾದ್ದರಿಂದ, ನನ್ನ ಆ ರಾತ್ರಿಯ ತಪ್ಪನ್ನು ಅದು ತಡೆಯುತ್ತಿರಲಿಲ್ಲ. ಕೇಳುವುದಕ್ಕೆ ಬದಲಿ ಇಲ್ಲ.

ರಿಬೇಸ್‌ನಲ್ಲಿ ಇನ್ನೆರಡು ಸೂಕ್ಷ್ಮಗಳಿವೆ. ಕಮಿಟ್‌ಗಳು ಒಂದೊಂದಾಗಿ ನೆಡಲ್ಪಡುವುದರಿಂದ ತಕರಾರುಗಳೂ ಒಂದೊಂದು ಕಮಿಟ್‌ಗೆ ಬರಬಹುದು. ಒಂದೇ ಪ್ಯಾರಾವನ್ನು 12 ಬಾರಿ ತಿದ್ದಿರುವ ಬ್ರಾಂಚ್ ಅನ್ನು ರಿಬೇಸ್ ಮಾಡಲು ಹೊರಟವರು ಅದೇ ಪ್ಯಾರಾದ ತಕರಾರನ್ನು ಮತ್ತೆ ಮತ್ತೆ ತೀರಿಸುತ್ತ ಕೂರಬೇಕಾಗುತ್ತದೆ. ಎರಡನೆಯದು, ‘ನಮ್ಮದು’ ಮತ್ತು ‘ಅವರದು’ ಎಂಬ ಮಾತುಗಳು ಇಲ್ಲಿ ತಿರುಗುಮುರುಗಾಗುತ್ತವೆ. ಮರ್ಜ್ ಮಾಡುವಾಗ ನೀವು ನಿಂತಿರುವ ಬ್ರಾಂಚ್ ನಮ್ಮದು, ಬರುತ್ತಿರುವುದು ಅವರದು. ರಿಬೇಸ್ ಮಾಡುವಾಗ ಗಿಟ್ ಮುಖ್ಯ ಬ್ರಾಂಚ್‌ನ ತುದಿಯಲ್ಲಿ ನಿಂತು ನಿಮ್ಮ ಕಮಿಟ್‌ಗಳನ್ನು ಬರಮಾಡಿಕೊಳ್ಳುತ್ತದೆಯಾದ್ದರಿಂದ, ನಮ್ಮದು ಎಂದರೆ ಮುಖ್ಯ ಬ್ರಾಂಚ್, ಅವರದು ಎಂದರೆ ನೀವು ಬರೆದದ್ದು. ಇದನ್ನು ಮರೆತು ‘ನಮ್ಮದನ್ನು ಇಟ್ಟುಕೋ’ ಎಂದವರು ತಮ್ಮ ಕೆಲಸವನ್ನೇ ಅಳಿಸಿಕೊಳ್ಳುತ್ತಾರೆ.

ಸ್ಕ್ವಾಶ್

ಬ್ರಾಂಚ್‌ನಲ್ಲಿ ಎಷ್ಟೇ ಕಮಿಟ್‌ಗಳಿರಲಿ, ಅವುಗಳ ಒಟ್ಟು ಪರಿಣಾಮವನ್ನು ಒಂದೇ ಕಮಿಟ್ ಆಗಿ ಹಾಕುವುದು ಸ್ಕ್ವಾಶ್. ‘ಕಾಗುಣಿತ ತಿದ್ದಿದೆ’, ‘ಮತ್ತೆ ತಿದ್ದಿದೆ’, ‘ಈಗ ಸರಿಯಾಯಿತು’ ಎಂಬ ಮೂರು ಕಮಿಟ್‌ಗಳನ್ನು ಯಾರೂ ಮುಂದೆ ಓದಬೇಕಾಗಿಲ್ಲ. ಅಂಥ ಒಂದು ದಿನದ ಬ್ರಾಂಚ್‌ಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಆದರೆ ಸ್ಕ್ವಾಶ್ ಮಾಡಿದ ಕಮಿಟ್‌ಗೆ ಎರಡನೆಯ ಪೋಷಕ ಇರುವುದಿಲ್ಲ. ಗಿಟ್‌ನ ದೃಷ್ಟಿಯಲ್ಲಿ ಆ ಬ್ರಾಂಚ್ ಇನ್ನೂ ಕೂಡಿಲ್ಲ. ಅದನ್ನು ಅಳಿಸಲು ಹೋದರೆ ‘ಇದು ಪೂರ್ತಿಯಾಗಿ ಮರ್ಜ್ ಆಗಿಲ್ಲ’ ಎಂದು ಎಚ್ಚರಿಸುವುದು ಇದರಿಂದಲೇ. ಅಳಿಸದೆ ಅದರ ಮೇಲೆಯೇ ಕೆಲಸ ಮುಂದುವರಿಸಿ ಮುಂದಿನ ತಿಂಗಳು ಮತ್ತೆ ಕೂಡಿಸಲು ಹೋದರೆ, ಮೂಲಪ್ರತಿ ಹಳೆಯ ಕವಲಿನ ಜಾಗದಲ್ಲಿಯೇ ಉಳಿದಿರುವುದರಿಂದ, ತೀರಿಸಿದ್ದ ತಕರಾರುಗಳೆಲ್ಲ ಎದ್ದು ಕುಳಿತುಕೊಳ್ಳುತ್ತವೆ. ಆರಂಭದಲ್ಲಿ ಕೇಳಿದ ಎರಡನೆಯ ಪ್ರಶ್ನೆಯ ತೂಕ ಇಲ್ಲಿದೆ: ಸ್ಕ್ವಾಶ್ ಮಾಡಿದ ಬ್ರಾಂಚ್‌ಗೆ ಅಂದೇ ವಿದಾಯ ಹೇಳಬೇಕು.

ನಮ್ಮಂಥ ಸ್ವಯಂಸೇವಕರ ಬಳಗಕ್ಕೆ ಇನ್ನೊಂದು ಮಾತು. ಕಂಪ್ಯೂಟರ್‌ನಲ್ಲಿ ಮರ್ಜ್ ಆದೇಶದ ಸ್ಕ್ವಾಶ್ ಆಯ್ಕೆಯನ್ನು ಬಳಸಿ ನಾನು ಕಮಿಟ್ ಹಾಕಿದರೆ, ಬೇರೇನೂ ಹೇಳದಿದ್ದಲ್ಲಿ, ಕರ್ತೃವಿನ ಜಾಗದಲ್ಲಿ ನನ್ನ ಹೆಸರು ಬೀಳುತ್ತದೆ. ಟೈಪ್ ಮಾಡಿ, ಮೂಲ ಸಂಚಿಕೆಯ ಜೊತೆ ಹೋಲಿಸಿ ತಿದ್ದಿದವರು ಬೇರೆಯವರಾಗಿರುತ್ತಾರೆ. ಹಣಕಾಸಿನ ಪ್ರತಿಫಲವಿಲ್ಲದ ಕೆಲಸದಲ್ಲಿ ಹೆಸರೇ ಪ್ರತಿಫಲ. ಆದುದರಿಂದ ಲೇಖನಗಳ ಬ್ರಾಂಚ್ ಅನ್ನು ಸ್ಕ್ವಾಶ್ ಮಾಡುವುದನ್ನು ನಾನು ನಿಲ್ಲಿಸಿದ್ದೇನೆ, ಮಾಡಲೇಬೇಕಾದಾಗ ಆಥರ್ ಆಯ್ಕೆಯಲ್ಲಿ ಅವರ ಹೆಸರನ್ನು ಕೊಡುತ್ತೇನೆ.

ಈ ಮೂರರಲ್ಲಿ ನನ್ನ ತೀರ್ಮಾನ ಹೀಗಿದೆ. ನಿಮ್ಮ ಕಂಪ್ಯೂಟರ್‌ನಿಂದ ಹೊರಗೆ ಹೋಗದ ಬ್ರಾಂಚ್ ಅನ್ನು ಮುಖ್ಯ ಬ್ರಾಂಚ್‌ನ ಮೇಲೆ ರಿಬೇಸ್ ಮಾಡುತ್ತ ಹೊಸದಾಗಿರಿಸಿ. ಇಬ್ಬರು ಮುಟ್ಟಿದ ಅಥವಾ ಮುಂದೆಯೂ ಬದುಕುವ ಬ್ರಾಂಚ್‌ಗೆ ಮರ್ಜ್ ಕಮಿಟ್ ಬಳಸಿ. ಒಬ್ಬರೇ ಬರೆದ, ಒಂದೇ ಉದ್ದೇಶದ, ಅಂದೇ ಅಳಿಸುವ ಬ್ರಾಂಚ್‌ಗೆ ಸ್ಕ್ವಾಶ್ ಸಾಕು. ಕಚೇರಿಯಲ್ಲಿ ತಂಡಕ್ಕೆ ಒಂದೇ ನಿಯಮವಿದ್ದರೆ ಅದನ್ನೇ ಪಾಲಿಸಿ. ನಿಯಮದ ಜೊತೆ ಜಗಳವಾಡಿ ಉಳಿಸುವ ಸಮಯಕ್ಕಿಂತ ಕಳೆಯುವ ಸಮಯ ಹೆಚ್ಚು.

ತಕರಾರನ್ನು ತೀರಿಸುವ ಬಗೆಗಳು

ಯಾವ ದಾರಿ ಹಿಡಿದರೂ ತಕರಾರು ಬಂದಾಗ ಕಡತದೊಳಗೆ ಏಳು ಕಿರಿದು ಚಿಹ್ನೆಗಳ ಸಾಲು, ನಡುವೆ ಏಳು ಸಮ ಚಿಹ್ನೆಗಳ ಸಾಲು, ಕೊನೆಗೆ ಏಳು ಹಿರಿದು ಚಿಹ್ನೆಗಳ ಸಾಲು ಕಾಣುತ್ತವೆ. ಮೇಲಿನ ಭಾಗ ನಮ್ಮದು, ಕೆಳಗಿನದು ಅವರದು. ಈ ತೋರಿಕೆಯಲ್ಲಿ ಅತಿ ಮುಖ್ಯವಾದ ಮೂಲಪ್ರತಿಯೇ ಕಾಣೆಯಾಗಿದೆ ಎಂಬುದನ್ನು ಗಮನಿಸಿ.

ಕಾರ್ಯಕ್ರಮದ ಪುಟದಲ್ಲಿ ಒಂದು ಕಡೆ ‘ಸಂಜೆ 6 ಗಂಟೆಗೆ, ಕೆಳಗಿನ ಸಭಾಂಗಣ’ ಎಂದೂ, ಇನ್ನೊಂದು ಕಡೆ ‘ಸಂಜೆ 5 ಗಂಟೆಗೆ, ಮೇಲಿನ ಸಭಾಂಗಣ’ ಎಂದೂ ಇದೆ ಎನ್ನಿ. ಯಾವುದು ಸರಿ ಎಂದು ಕೇಳಿದರೆ ಯಾರಾದರೂ ಎರಡರಲ್ಲಿ ಒಂದನ್ನು ಹೆಕ್ಕುತ್ತಾರೆ. ಮೂಲದಲ್ಲಿ ‘ಸಂಜೆ 5 ಗಂಟೆಗೆ, ಕೆಳಗಿನ ಸಭಾಂಗಣ’ ಎಂದಿತ್ತು ಎಂಬುದು ಕಂಡ ಕೂಡಲೇ ಎಲ್ಲವೂ ತಿಳಿಯಾಗುತ್ತದೆ: ಒಬ್ಬರು ಹೊತ್ತನ್ನು ಬದಲಿಸಿದ್ದಾರೆ, ಇನ್ನೊಬ್ಬರು ಜಾಗವನ್ನು ಬದಲಿಸಿದ್ದಾರೆ, ಸರಿಯಾದ ಸಾಲು ಎರಡೂ ಕಡೆ ಇಲ್ಲ. ಅದು ‘ಸಂಜೆ 6 ಗಂಟೆಗೆ, ಮೇಲಿನ ಸಭಾಂಗಣ’. ಇದಕ್ಕಾಗಿ ಕಾನ್‌ಫ್ಲಿಕ್ಟ್ ಸ್ಟೈಲ್ ಎಂಬ ಸಂರಚನೆಯನ್ನು ಡಿಫ್3 ಎಂದು ಬದಲಿಸಿಕೊಂಡರೆ ಗಿಟ್ ಮೂಲವನ್ನೂ ನಡುವೆ ತೋರಿಸುತ್ತದೆ. 2022ರ ಆರಂಭದಲ್ಲಿ ಬಂದ ಗಿಟ್ 2.35ರಿಂದ ಝಡ್‌ಡಿಫ್3 ಎಂಬ ಇನ್ನೊಂದು ಬಗೆಯೂ ಇದೆ. ಅದು ಎರಡೂ ಕಡೆ ಒಂದೇ ಆಗಿರುವ ಆರಂಭದ ಮತ್ತು ಕೊನೆಯ ಸಾಲುಗಳನ್ನು ತಕರಾರಿನಿಂದ ಹೊರಗಿಟ್ಟು ಗದ್ದಲವನ್ನು ಕಡಿಮೆ ಮಾಡುತ್ತದೆ. ಈ ಇಡೀ ಲೇಖನದಿಂದ ಒಂದನ್ನೇ ತೆಗೆದುಕೊಳ್ಳುವುದಾದರೆ ಈ ಸಂರಚನೆಯನ್ನು ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ.

ಕೈಯಿಂದ ತೀರಿಸಲು ಬೇಸರಪಡುವವರು ಹುಡುಕುವ ಅಡ್ಡದಾರಿಗಳಲ್ಲಿ ಎರಡು ಒಂದೇ ಹೆಸರಿನವು, ಆದರೆ ಪರಿಣಾಮದಲ್ಲಿ ಅಜಗಜಾಂತರ. ಮರ್ಜ್ ಆದೇಶಕ್ಕೆ ದೊಡ್ಡ ಎಕ್ಸ್ ಅಕ್ಷರದ ಜೊತೆ ಅವರ್ಸ್ (ours, ‘ನಮ್ಮದು’) ಎಂದು ಹೇಳಿದರೆ, ತಕರಾರು ಬಂದ ತುಣುಕುಗಳಲ್ಲಿ ಮಾತ್ರ ನಮ್ಮದು ಗೆಲ್ಲುತ್ತದೆ, ಉಳಿದೆಡೆ ಅವರ ಬದಲಾವಣೆಗಳೂ ಬರುತ್ತವೆ. ಚಿಕ್ಕ ಎಸ್ ಅಕ್ಷರದ ಜೊತೆ ಅವರ್ಸ್ ಎಂದರೆ ಅವರ ಬ್ರಾಂಚ್‌ನಲ್ಲಿ ಏನಿದೆ ಎಂದು ಗಿಟ್ ತೆರೆದೂ ನೋಡುವುದಿಲ್ಲ. ಅವರ ಒಂದು ಸಾಲೂ ಬಾರದೆ, ಕೂಡಿದೆವು ಎಂಬ ದಾಖಲೆ ಮಾತ್ರ ಉಳಿಯುತ್ತದೆ. ಕೈಬಿಟ್ಟ ಪ್ರಯೋಗವೊಂದನ್ನು ಇತಿಹಾಸದಲ್ಲಿ ಮುಚ್ಚಿಹಾಕಲು ಎರಡನೆಯದು ತಕ್ಕದ್ದು. ಅದಕ್ಕೆ ಸಮನಾದ ಥೇರ್ಸ್ (theirs, ‘ಅವರದು’) ಎಂಬ ತಂತ್ರ ಎಸ್ ಅಕ್ಷರದ ಕೆಳಗೆ ಇಲ್ಲ, ಎಕ್ಸ್ ಅಕ್ಷರದ ಕೆಳಗೆ ಮಾತ್ರ ಇದೆ. ಮೊದಲನೆಯದನ್ನೂ ನಾನು ಯಂತ್ರವೇ ಹುಟ್ಟಿಸುವ ಕಡತಗಳಿಗೆ ಬಿಟ್ಟರೆ ಬಳಸುವುದಿಲ್ಲ, ಏಕೆಂದರೆ ಮೇಲಿನ ಸಭಾಂಗಣದ ಉದಾಹರಣೆಯಲ್ಲಿ ಅದು ಯಾರ ಗಮನಕ್ಕೂ ತಾರದೆ ಜಾಗದ ಬದಲಾವಣೆಯನ್ನು ನುಂಗಿಬಿಡುತ್ತಿತ್ತು.

ಯೂನಿಯನ್ ಎಂಬ ಇನ್ನೊಂದು ವಿಧಾನವನ್ನು ಗಿಟ್ ಆಟ್ರಿಬ್ಯೂಟ್ಸ್ ಕಡತದಲ್ಲಿ ನಿರ್ದಿಷ್ಟ ಕಡತಗಳಿಗೆ ಗೊತ್ತುಪಡಿಸಬಹುದು. ಅದು ಎರಡೂ ಕಡೆಯ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟುಬಿಡುತ್ತದೆ. ಸಾಲುಗಳ ಕ್ರಮ ಮುಖ್ಯವಲ್ಲದ, ಬರೀ ಸೇರಿಸುತ್ತಲೇ ಹೋಗುವ ಪಟ್ಟಿಗಳಿಗೆ, ನಮ್ಮಲ್ಲಿ ದಾನಿಗಳ ಹೆಸರಿನ ಪಟ್ಟಿಗೆ, ಅದು ಚೆನ್ನಾಗಿ ಹೊಂದುತ್ತದೆ. ಕೋಡ್‌ಗೆ ಎಂದೂ ಬಳಸಬೇಡಿ. ಒಂದೇ ತಕರಾರು ಪದೇ ಪದೇ ಬರುವವರು ರಿರಿರಿ (rerere) ಎಂಬ ಸೌಲಭ್ಯವನ್ನು ಆನ್ ಮಾಡಿಕೊಳ್ಳಬಹುದು. ನೀವು ಒಮ್ಮೆ ತೀರಿಸಿದ ಬಗೆಯನ್ನು ಗಿಟ್ ನೆನಪಿಟ್ಟು, ಅದೇ ತಕರಾರು ಮತ್ತೆ ಬಂದಾಗ ಅದೇ ತೀರ್ಪನ್ನು ಹಾಕುತ್ತದೆ. ಆ ನೆನಪು ಬಳಕೆಯಿಲ್ಲದೆ 60 ದಿನ ಕಳೆದರೆ ಅಳಿಸಲು ಅರ್ಹವಾಗುತ್ತದೆ. ತಪ್ಪು ತೀರ್ಪನ್ನೂ ಅದು ಅಷ್ಟೇ ನಿಷ್ಠೆಯಿಂದ ನೆನಪಿಡುತ್ತದೆ.

ಪೋಸ್ಟರ್, ಪಿಡಿಎಫ್, ಛಾಯಾಚಿತ್ರಗಳ ವಿಷಯದಲ್ಲಿ ಸಾಲುಗಳನ್ನು ಕೂಡಿಸುವ ವಿಧಾನ ಯಾವುದೂ ನಡೆಯುವುದಿಲ್ಲ. ಅವುಗಳಲ್ಲಿ ಸಾಲುಗಳೇ ಇಲ್ಲ. ಒಂದು ಪ್ರತಿ ಉಳಿಯಬೇಕು, ಇನ್ನೊಂದು ಹೋಗಬೇಕು. ಅಲ್ಲಿ ಕೂಡಿಸುವುದಕ್ಕಿಂತ ಬೀಗ ಹಾಕುವುದು ಮೇಲು. 1980ರ ದಶಕದಲ್ಲಿ, ಇಂಥದೇ ಹಳೆಯ ಸಾಧನವಾದ ಆರ್‌ಸಿಎಸ್ ಕಾಲದಲ್ಲಿ, ಒಬ್ಬರು ಕಡತವನ್ನು ಬೀಗ ಹಾಕಿ ತೆಗೆದುಕೊಂಡರೆ ಇತರರು ಕಾಯಬೇಕಾಗಿತ್ತು, ಮತ್ತು ದೊಡ್ಡ ಕಡತಗಳಿಗಾಗಿ ಇರುವ ಗಿಟ್ ಎಲ್‌ಎಫ್‌ಎಸ್ ಎಂಬ ವಿಸ್ತರಣೆ ಇಂದಿಗೂ ಇಂಥ ಕಡತಗಳಿಗೆ ಬೀಗವನ್ನು ಕೊಡುತ್ತದೆ. ನಾವು ಅದನ್ನೂ ಬಳಸುವುದಿಲ್ಲ; ‘ಪೋಸ್ಟರ್ ನನ್ನ ಹತ್ತಿರ ಇದೆ’ ಎಂದು ವಾಸ್ಕೋದ ಗೆಳೆಯ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾನೆ, ಅಷ್ಟೇ.

ಕನ್ನಡ ಪಠ್ಯದ ತೊಂದರೆಗಳು

ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗದ ಕೆಲವು ತಕರಾರುಗಳು ನಮ್ಮ ಲಿಪಿಯಿಂದ ಬರುತ್ತವೆ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಸಾಲಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಗಿಟ್ ಕಡತದೊಳಗಿನ ಬೈಟ್‌ಗಳನ್ನು ಮಾತ್ರ ಹೋಲಿಸುವುದರಿಂದ ಅದರ ಪಾಲಿಗೆ ಎರಡೂ ಬೇರೆ. ‘ಸಾಫ್ಟ್‌ವೇರ್’ ಎಂಬಂಥ ಪದದ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೂ ಹೀಗೆಯೇ ಕೆಲವರ ಕೀಲಿಮಣೆಯಿಂದ ಬರುತ್ತದೆ, ಕೆಲವರದರಿಂದ ಬರುವುದಿಲ್ಲ. ಎರಡು ಕಡೆಯ ಸಾಲುಗಳು ಅಕ್ಷರಶಃ ಒಂದೇ ಆಗಿ ಕಾಣುತ್ತಿದ್ದೂ ತಕರಾರು ಎದ್ದಿದ್ದರೆ ಮೊದಲು ಇವನ್ನು ಸಂಶಯಿಸಿ. ಕಮಿಟ್ ಹಾಕುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ, ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಜೋಡಿಸಿದ, ಯೂನಿಕೋಡ್ ರೂಪಕ್ಕೆ ತರುವ ಸಣ್ಣ ಸ್ಕ್ರಿಪ್ಟ್ ಒಂದನ್ನು ನಾವು ಇಟ್ಟಿದ್ದೇವೆ. ಅದು ಮೊದಲ ತೊಂದರೆಯನ್ನು ನಿವಾರಿಸುತ್ತದೆ, ಎರಡನೆಯದನ್ನು ನಿವಾರಿಸುವುದಿಲ್ಲ.

ಹಳೆಯ ಸಂಚಿಕೆಗಳು ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ, ಅವನ್ನು ಪರಿವರ್ತಿಸಿದಾಗ ಕಡತದ ಪ್ರತಿಯೊಂದು ಸಾಲೂ ಬದಲಾಗುತ್ತದೆ. ಆ ಹೊತ್ತಿನಲ್ಲಿ ಬೇರೊಂದು ಬ್ರಾಂಚ್‌ನಲ್ಲಿ ಯಾರಾದರೂ ಒಂದು ಅಲ್ಪವಿರಾಮವನ್ನು ತಿದ್ದಿದ್ದರೂ ಅದು ತಕರಾರು. ಆದುದರಿಂದ ಪರಿವರ್ತನೆಯನ್ನು ಬೇರೆ ತಿದ್ದುಪಡಿಗಳ ಜೊತೆ ಬೆರೆಸದೆ, ಎಲ್ಲ ಬ್ರಾಂಚ್‌ಗಳೂ ಕೂಡಿ ಮುಗಿದ ದಿನ, ಮುಖ್ಯ ಬ್ರಾಂಚ್‌ನಲ್ಲಿ ಪ್ರತ್ಯೇಕ ಕಮಿಟ್ ಆಗಿ ಮಾಡಬೇಕು. ವಿಂಡೋಸ್ ಮತ್ತು ಲಿನಕ್ಸ್‌ಗಳ ಸಾಲಿನ ಕೊನೆಯ ಚಿಹ್ನೆಗಳ ವ್ಯತ್ಯಾಸವೂ ಇದೇ ಜಾತಿಯದು. ಗಿಟ್ ಆಟ್ರಿಬ್ಯೂಟ್ಸ್‌ನಲ್ಲಿ ಒಮ್ಮೆ ಸರಿಪಡಿಸಿದರೆ ಸಾಕು.

ಗದ್ಯ ಬರೆಯುವವರಿಗೆ ಇನ್ನೂ ಒಂದು ಸೂಚನೆ. ಗಿಟ್‌ನ ಏಕಮಾನ ಸಾಲು. ಇಡೀ ಪ್ಯಾರಾ ಒಂದೇ ಉದ್ದನೆಯ ಸಾಲಾಗಿದ್ದರೆ, ಅದರ ಆರಂಭದ ಪದವನ್ನು ಒಬ್ಬರೂ ಕೊನೆಯ ಪದವನ್ನು ಇನ್ನೊಬ್ಬರೂ ತಿದ್ದಿದರೂ ತಕರಾರು ಬರುತ್ತದೆ. ವಾಕ್ಯಕ್ಕೊಂದು ಸಾಲು ಎಂಬ ಪದ್ಧತಿಯನ್ನು ಶಿಕ್ಷಕಿಯರಿಬ್ಬರೂ ಮೊದಲಿಗೆ ‘ಇದೇನು ಕವಿತೆಯೇ’ ಎಂದು ವಿರೋಧಿಸಿದ್ದರು. ಈಗ ಅವರೇ ಅದರ ದೊಡ್ಡ ಪ್ರತಿಪಾದಕರು.

ತಕರಾರಿಲ್ಲದೆ ಬರುವ ತಪ್ಪು

ಇಲ್ಲಿಯವರೆಗೆ ಹೇಳಿದ್ದು ಯಂತ್ರ ಎಚ್ಚರಿಸುವ ಸಂದರ್ಭಗಳು. ಕಳೆದ ಬಾರಿ ನಾನು ಶುಲ್ಕವನ್ನು ಲೆಕ್ಕ ಹಾಕುವ ಫಂಕ್ಷನ್ ಅನ್ನು ರೂಪಾಯಿಯ ಬದಲು ಪೈಸೆಯಲ್ಲಿ ಮೊತ್ತ ಪಡೆಯುವಂತೆ ಬದಲಿಸಿ, ಅದನ್ನು ಕರೆಯುವ ಎಲ್ಲ ಜಾಗಗಳನ್ನೂ ತಿದ್ದಿದೆ. ಅದೇ ವಾರ ನನ್ನ ಜೊತೆಗಾರ ಬೇರೆ ಬ್ರಾಂಚ್‌ನಲ್ಲಿ, ಬೇರೆ ಕಡತದಲ್ಲಿ, ಆಜೀವ ಸದಸ್ಯತ್ವದ ಹೊಸ ಪುಟವನ್ನು ಬರೆದು ಅದೇ ಫಂಕ್ಷನ್‌ಗೆ 5,000 ಎಂದು ರೂಪಾಯಿಯಲ್ಲಿ ಕೊಟ್ಟಿದ್ದ. ಒಂದೇ ಸಾಲನ್ನು ಇಬ್ಬರೂ ಮುಟ್ಟಿಲ್ಲವಾದ್ದರಿಂದ ಮರ್ಜ್ ಸಲೀಸಾಗಿ ಮುಗಿಯಿತು, ಮತ್ತು ಆಜೀವ ಸದಸ್ಯತ್ವ 50 ರೂಪಾಯಿಗೆ ಸಿಗತೊಡಗಿತು. ಮರ್ಜ್, ರಿಬೇಸ್, ಸ್ಕ್ವಾಶ್, ಇವುಗಳಲ್ಲಿ ಯಾವುದನ್ನು ಆರಿಸಿದ್ದರೂ ಇದು ತಪ್ಪುತ್ತಿರಲಿಲ್ಲ. ನಮ್ಮಿಬ್ಬರ ಬ್ರಾಂಚ್‌ಗಳಲ್ಲೂ ಪರೀಕ್ಷೆಗಳು ಪಾಸಾಗಿದ್ದವು. ಕೂಡಿದ ಮೇಲೆ ಉಂಟಾದ ಕೋಡ್ ಮೇಲೆ ಮಾತ್ರ ಯಾರೂ ಪರೀಕ್ಷೆ ನಡೆಸಿರಲಿಲ್ಲ. ಈಗ ಕೂಡಿಸಿದ ಫಲಿತಾಂಶದ ಮೇಲೆ ಪರೀಕ್ಷೆ ಓಡಿದ ನಂತರವೇ ಪುಶ್ ಮಾಡುತ್ತೇವೆ. ರಿಬೇಸ್ ಮಾಡಿದವರು ಇನ್ನೊಂದನ್ನು ನೆನಪಿಡಬೇಕು: ಹೊಸದಾಗಿ ನೆಟ್ಟ ಸಾಲಿನ ನಡುವಿನ ಕಮಿಟ್‌ಗಳನ್ನು ಆ ಸ್ಥಿತಿಯಲ್ಲಿ ಯಾರೂ ಎಂದೂ ಓಡಿಸಿ ನೋಡಿರುವುದಿಲ್ಲ.

ಗಿಟ್‌ನ ಆಚೆ

ಗಿಟ್ ಮತ್ತು ಅದರಂಥದೇ ಸಾಧನವಾದ ಮರ್ಕ್ಯುರಿಯಲ್ ಎರಡೂ 2005ರ ಏಪ್ರಿಲ್‌ನಲ್ಲಿ, ಲಿನಕ್ಸ್ ಕರ್ನಲ್ ತಂಡಕ್ಕೆ ಅವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನದ ಉಚಿತ ಬಳಕೆ ಕೈತಪ್ಪಿದ ಹೊತ್ತಿನಲ್ಲಿ ಹುಟ್ಟಿದವು, ಮತ್ತು ಕೂಡಿಸುವ ವಿಷಯದಲ್ಲಿ ಎರಡಕ್ಕೂ ತಾತ್ವಿಕ ವ್ಯತ್ಯಾಸ ಹೆಚ್ಚಿಲ್ಲ. ಇನ್ನೂ ಹಳೆಯ ಸಾಧನವಾದ ಸಬ್‌ವರ್ಷನ್ 2008ರ 1.5ನೆಯ ಆವೃತ್ತಿಯವರೆಗೆ ಯಾವುದು ಈಗಾಗಲೇ ಕೂಡಿದೆ ಎಂಬ ಲೆಕ್ಕವನ್ನೇ ಇಡುತ್ತಿರಲಿಲ್ಲ. ಹಳಬರು ಮರ್ಜ್ ಎಂದರೆ ಇಂದಿಗೂ ಹೆದರುವುದು ಆ ಕಾಲದ ನೆನಪಿನಿಂದ. ಡಾರ್ಕ್ಸ್ ಮತ್ತು ಪಿಹುಲ್ ನಿಜಕ್ಕೂ ಬೇರೆ ಜಾತಿಯವು. ಅವು ಪ್ರತಿಗಳನ್ನು ಹೋಲಿಸುವುದರ ಬದಲು ಬದಲಾವಣೆಗಳನ್ನೇ ಮೂಲ ವಸ್ತುಗಳೆಂದು ಎಣಿಸುತ್ತವೆ. ಪರಸ್ಪರ ಸಂಬಂಧವಿಲ್ಲದ ಬದಲಾವಣೆಗಳನ್ನು ಯಾವ ಕ್ರಮದಲ್ಲಿ ಸೇರಿಸಿದರೂ ಫಲಿತಾಂಶ ಒಂದೇ ಆಗಿರುತ್ತದೆ.

ಕುತೂಹಲವಿರುವವರಿಗೆ ನಾನು ಹೇಳುವುದು ಜುಜುತ್ಸು ಎಂಬ ಸಾಧನ. ಅದು ಗಿಟ್ ರೆಪೊದ ಮೇಲೆಯೇ ಕೆಲಸ ಮಾಡುತ್ತದೆಯಾದ್ದರಿಂದ ಜೊತೆಯವರಿಗೆ ಹೇಳದೆಯೂ ಒಬ್ಬರೇ ಬಳಸಿ ನೋಡಬಹುದು. ತಕರಾರು ಬಂದರೆ ಕೆಲಸವನ್ನು ನಿಲ್ಲಿಸುವುದಿಲ್ಲ, ತಕರಾರನ್ನೇ ಕಮಿಟ್‌ನ ಭಾಗವಾಗಿ ದಾಖಲಿಸಿ, ಬಿಡುವಾದಾಗ ತೀರಿಸಿ ಎನ್ನುತ್ತದೆ. ನನ್ನ ಕಂಪ್ಯೂಟರ್‌ನಲ್ಲಿ ನಾನು ಅದನ್ನೇ ಬಳಸುತ್ತಿದ್ದೇನೆ. ಬಳಗಕ್ಕೆ ಹೇಳಿಲ್ಲ, ಮಾಟುಂಗದ ಹಿರಿಯರು ಈಗಷ್ಟೇ ಡಿಫ್3ರ ಮೂರು ಭಾಗಗಳ ತೋರಿಕೆಗೆ ಒಗ್ಗಿಕೊಂಡು, ಲೆಡ್ಜರ್ ತಾಳೆ ನೋಡಿದಂತೆ ಒಂದೊಂದು ಸಾಲನ್ನೂ ಮೂಲದ ಜೊತೆ ತಾಳೆ ನೋಡಿ ತೀರಿಸುತ್ತಿದ್ದಾರೆ, ಮತ್ತು ಈ ವರ್ಷದ ನವೆಂಬರ್ 1 ಮುಗಿಯುವವರೆಗೆ ಅವರ ಮುಂದೆ ಇನ್ನೊಂದು ಹೊಸ ಆದೇಶವನ್ನು ಇಡುವ ಧೈರ್ಯ ನನಗಿಲ್ಲ.